ಮಾತೃಸಂಸ್ಥೆ ಮಾರಿದ ಕೂಸು

ಗದಗಿನ ಟೊರೆಲ್ಲಾ ಕಾರಿನ ಶೋರೂಮಿಗೆ ಗಿರಾಕಿಗಳಿಗಿಂತ ಗುಬ್ಬಿಗಳೇ ಹೆಚ್ಚಾಗಿ ಬರುತ್ತಿದ್ದವು. ಗುಬ್ಬಿಗಳು ಗಾಜಿಗೆ ಬಡಿದುಕೊಂಡು ತಿರುಗಿ ಹೋದರೆ, ಗಿರಾಕಿಗಳು ಬೆಲೆ ಕೇಳಿ ತಿರುಗಿ ಹೋಗುತ್ತಿದ್ದರು. ಅಂಥ ಶೋರೂಮಿನಲ್ಲಿ ಸೇಲ್ಸ್‌ಮನ್ ಆಗಿದ್ದ ಬೆಟಗೇರಿಯ ರಫೀಕ, ಅಂತೂ ಇಂತೂ ಒಂದು ಗಾಡಿ ಮಾರಿದ್ದ. ಲಕ್ಷ್ಮೇಶ್ವರದ ದನದ ಹಿಂಡಿ ವ್ಯಾಪಾರಿ ನಿಜಲಿಂಗಪ್ಪ ಸಾಹುಕಾರರು ತನ್ನ ಮಾತಿಗೆ ಮರುಳಾಗಿಯೇ ಒಪ್ಪಿದರೆಂದು ಅವನು ಹೆಂಡತಿ ಗುಲ್ನಾಜಳ ಮುಂದೆ ವಾರದಿಂದ ಹೇಳಿದ್ದೇ ಹೇಳಿದ್ದ. ಅವಳು ಕೇಳಿ ಕೇಳಿ ಕಿವಿಗೆ ಸೆರಗು ಸುತ್ತಿಕೊಂಡಿದ್ದಳು.

ಗಾಡಿ ಮುಟ್ಟಿಸುವ ದಿನ ಮುಂಜಾನೆ ರಫೀಕ ಬಾನೆಟ್ಟಿಗೆ ಕೆಂಪು ರಿಬ್ಬನ್ ಕಟ್ಟುತ್ತಿದ್ದಾಗ, ಲೆಕ್ಕ ಬರೆಯುವ ಅನಂತರಾಯರು ಪೇಪರ್ ಬಿಚ್ಚಿ ರಾಗವಾಗಿ ಓದಿದರು.

"ನಷ್ಟದಲ್ಲಿದ್ದ ಟೊರೆಲ್ಲಾ ಮಾರಿದ ಮಾತೃಸಂಸ್ಥೆ!"

ರಿಬ್ಬನ್ ರಫೀಕನ ಬೆರಳಿಗೇ ಗಂಟುಬಿತ್ತು. "ಯಾರಿಗೆ ಮಾರ್ಯಾರಂತ್ರಿ?"

"ಯಾವುದೋ ದೇಶದ ಕಂಪನಿಗೆ. ಅವರು ಕಾರು ಮಾಡೂದಿಲ್ಲಂತ, ಬರೇ ಬ್ಯಾಟರಿ ಮಾಡ್ತಾರಂತ. ಹಳೇ ಗಾಡಿಗಳ ಸಾಮಾನು ಸಿಗ್ತಾವೋ ಇಲ್ಲೋ ಅನ್ನೂದು ಇನ್ನೂ ನಿಕ್ಕಿ ಆಗಿಲ್ಲಂತ," ಎಂದ ಅನಂತರಾಯರ ದನಿಯಲ್ಲಿ ದುಃಖಕ್ಕಿಂತ, ಎಲ್ಲರಿಗಿಂತ ಮೊದಲು ಸುದ್ದಿ ಓದಿದ ಸಂತೋಷವೇ ಹೆಚ್ಚಾಗಿತ್ತು.

ಅಲ್ಲೇ ಕುರ್ಚಿಯಲ್ಲಿ ಅವರ ತಾಯಿಯ ತಂಗಿ, ಮಾವಶಿ ಜಾನಕೀಬಾಯಿ ಕೂತಿದ್ದರು. ಲಕ್ಷ್ಮೇಶ್ವರದ ಮಗಳ ಮನೆಗೆ ಬಸ್ಸಿನಲ್ಲಿ ಹೋಗಬೇಕಾದವರು, ಹೊಸ ಗಾಡಿ ಅದೇ ಊರಿಗೆ ಹೊರಟಿದೆಯೆಂದು ತಿಳಿದು ಉಪ್ಪಿನಕಾಯಿ ಭರಣಿ ಸಮೇತ ಬಂದು ಠಿಕಾಣಿ ಹೂಡಿದ್ದರು.

"ಅನಂತಾ, ತಾಯಿ ಅಂತೀರಿ, ಕೂಸು ಮಾರ್‍ತಾಳಂತೀರಿ. ಎಂಥಾ ತಾಯಿಯೋ ಅಕಿ?" ಎಂದರು.

"ಕೂಸು ಭಾಳ ತಿಂತಿತ್ತಂತ, ಮಾವಶಿ."

ಅಷ್ಟರಲ್ಲಿ ಶೋರೂಮಿನ ಮಾಲೀಕ ಈಶಪ್ಪ ಒಳಗಿನ ಕೋಣೆಯಿಂದ ಹೊರಬಂದ. ಸುದ್ದಿ ಅವನಿಗೂ ಮುಟ್ಟಿತ್ತು. ಆದರೆ ಮುಖ ಮಾತ್ರ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡವನ ಮುಖದಂತೆ ನಿರಾಳವಾಗಿತ್ತು.

"ರಫೀಕ, ಜಲ್ದಿ ಹೊಂಡು. ಸಾವ್ಕಾರ್‍ರ ಕೈಯಾಗ ಕೀಲಿ ಕೊಡೂಮಟಾ ಈ ಸುದ್ದಿ ಅವರ ಕಿವಿಗೆ ಬೀಳಬಾರದು. ಗಾಡಿ ಹೊಳ್ಳಿ ಬಂತಂದ್ರ ನಿನ್ನ ನೌಕರಿ ಉಳಿಯೂದಿಲ್ಲ ನೋಡು. ಅನಂತರಾಯರ, ನೀವೂ ಹೋಗ್ರಿ. ಕಾಗದಕ್ಕ ಸಹಿ ತಗೋಬೇಕಲ್ಲ."

ಸುದ್ದಿ ಮುಚ್ಚಿಡಲು ಅನಂತರಾಯರನ್ನು ಕಳಿಸುವುದೆಂದರೆ ಜರಡಿಯಲ್ಲಿ ನೀರು ಕಳಿಸಿದಂತೆ. ಆದರೆ ಮಾಲೀಕರಿಗೆ ಎದುರಾಡುವವರು ಯಾರು? ಮೂವರೂ ಹೊರಟರು.

ಊರು ದಾಟುವವರೆಗೆ ಎಲ್ಲ ನೆಟ್ಟಗಿತ್ತು. ಶಿರಹಟ್ಟಿಯಲ್ಲಿ ಅನಂತರಾಯರಿಗೆ ಚಹಾ ಬೇಕಾಯಿತು. ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಕುಡಿದು ಬಂದು ರಫೀಕ ಮತ್ತೆ ಇಂಜಿನ್ ಚಾಲೂ ಮಾಡಿದ್ದೇ ತಡ, ಸ್ಟಿಯರಿಂಗ್ ಪಕ್ಕದ ಟಿ.ವಿ.ಯಂಥ ಪರದೆ ಝಗ್ಗೆಂದು ಬೆಳಗಿತು. ಒಳಗಿನಿಂದ ಒಬ್ಬ ಹೆಣ್ಣುಮಗಳ ಜೇನಿನಂಥ ದನಿ, ಪಾಠದ ಪುಸ್ತಕದ ಕನ್ನಡದಲ್ಲಿ ಮಾತಾಡತೊಡಗಿತು.

"ಟೊರೆಲ್ಲಾ ಪರಿವಾರದ ಗೌರವಾನ್ವಿತ ಸದಸ್ಯರೇ, ನಾವು ಒಂದು ರೋಮಾಂಚಕ ಹೊಸ ಪಯಣವನ್ನು ಆರಂಭಿಸುತ್ತಿದ್ದೇವೆ. ನಮ್ಮ ಮಾಲೀಕತ್ವ ಬದಲಾಗಿದೆ, ಪ್ರೀತಿ ಬದಲಾಗಿಲ್ಲ. ಬಿಡಿಭಾಗಗಳಿಗಾಗಿ ದಯವಿಟ್ಟು ಮುಂದಿನ ಸೂಚನೆಯವರೆಗೆ ಕಾಯಿರಿ."

ರಫೀಕ ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಿಂದ ಪರದೆ ಮುಚ್ಚಿದ. "ಯಾ ಅಲ್ಲಾ! ಗಾಡೀನ ಸಾರಾಕ ಹತ್ತಿತಲ್ರೀ!"

"ಪಾಪ, ಎಷ್ಟು ಛಂದ ಮಾತಾಡ್ತದ. ಮಾರಿಸಿಕೊಂಡ ಕೂಸಿಗೆ ಇನ್ನೂ ಅವ್ವನ ಮ್ಯಾಲ ಸಿಟ್ಟಿಲ್ಲ ನೋಡು," ಎಂದು ಜಾನಕೀಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ರಫೀಕ ಇಂಜಿನ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದ. ಮತ್ತೆ ರೋಮಾಂಚಕ ಪಯಣ. ಮೂರನೆಯ ಸಲವೂ ಅದೇ. ದನಿ ತಗ್ಗಿಸುವ ಗುಂಡಿ ಒತ್ತಿದರೆ ಅದು ಕೇಳಲಿಲ್ಲ. ಚಹಾದಂಗಡಿಯಲ್ಲಿದ್ದವರು ಕಪ್-ಬಸಿ ಕೈಯಲ್ಲಿ ಹಿಡಿದೇ ಎದ್ದು ಬಂದು ಗಾಡಿಯ ಸುತ್ತ ನಿಂತರು.

"ಚಾಲೂ ಮಾಡಿದಾಗೊಮ್ಮೆ ಅಷ್ಟ ಒದರ್‍ತದ," ಎಂದು ಅನಂತರಾಯರು ತೀರ್ಪು ಕೊಟ್ಟರು. "ಬಂದ್ ಮಾಡದಿದ್ರ ಸುಮ್ಮನಿರ್‍ತದ."

ಅಲ್ಲಿಂದ ಮುಂದೆ ರಫೀಕ ಇಂಜಿನ್ನನ್ನು ಹಾಲುಗೂಸಿನಂತೆ ಕಾಪಾಡಿದ. ಆದರೆ ಮಾಗಡಿ ಹತ್ತಿರ ಬರುವಾಗ ಜಾನಕೀಬಾಯಿಗೆ ಹೊಟ್ಟೆ ತೊಳಸಿತು. ಎ.ಸಿ. ಗಾಳಿ ಅವರ ಜನ್ಮಕ್ಕೆ ಆಗಿಬಂದದ್ದಲ್ಲ. ಕೆರೆಯ ದಂಡೆಗೆ ಗಾಡಿ ನಿಲ್ಲಿಸಿದ ರಫೀಕ, ಇಂಜಿನ್ ಗುರ್ ಎನ್ನಲು ಬಿಟ್ಟು ಅವರಿಗೆ ನೀರಿನ ಬಾಟಲಿ ಹಿಡಿದು ನಿಂತ.

ಚಳಿಗಾಲದ ದಿನಗಳು. ದೂರದೇಶದಿಂದ ಬಂದ ಹೆಬ್ಬಾತುಗಳು ಕೆರೆಯ ತುಂಬ ಕೂತಿದ್ದವು. ಅವುಗಳನ್ನು ನೋಡಲು ಬಂದಿದ್ದ ಮಂದಿ ದುರ್ಬೀನುಗಳನ್ನು ಹಕ್ಕಿಗಳಿಂದ ಕಿತ್ತು ಗಾಡಿಯ ಕಡೆಗೆ ತಿರುಗಿಸಿದರು. ಅನಂತರಾಯರಿಗೆ ಇಷ್ಟು ಶ್ರೋತೃಗಳು ಸಿಕ್ಕಿದ್ದೇ ಸಾಕಾಯಿತು. ಪೇಪರ್ ಬಿಚ್ಚಿದರು.

"ಇದಾ ನೋಡ್ರಿ ಆ ಟೊರೆಲ್ಲಾ! ಮಾರಾಟ ಆಗೇದ!"

ಒಬ್ಬ ಗಡ್ಡದವನು ಅಷ್ಟನ್ನೇ ಕೇಳಿಸಿಕೊಂಡು ಓಡಿ ಬಂದ. "ಮಾರಾಕ ಐತೇನ್ರಿ? ನಷ್ಟದಾಗ ಅಂದ್ರ ಅಗ್ಗ ಇರಬೇಕಲ್ಲ? ನಮ್ಮ ಅಳಿಯಗ ಒಂದ್ ಬೇಕಾಗಿತ್ತು."

"ಮಾರಾಕಿಲ್ರಿ, ಮಾರಿದ್ದು!" ಎಂದು ರಫೀಕ ಕೂಗಿದ.

"ಮಾರಿದ್ರ ನೀ ಯಾಕ ಹೊಡಕೊಂಡು ಅಡ್ಡಾಡಾಕತ್ತಿ? ಕದ್ದದ್ದೇನು?"

ಗದ್ದಲಕ್ಕೆ ಬೆದರಿದ ಹೆಬ್ಬಾತುಗಳು ಒಮ್ಮೆಲೇ ಮೇಲೆದ್ದು, ಆಕಾಶ ಮುಚ್ಚಿ, ಹೊಸ ಗಾಡಿಯ ನೆತ್ತಿಯ ಮೇಲಿಂದಲೇ ಹಾದುಹೋದವು. ಹಾದುಹೋಗುವಾಗ ಸುಮ್ಮನೆ ಹೋಗಲಿಲ್ಲ. ಬೆಳ್ಳಿಬಣ್ಣದ ಟೊರೆಲ್ಲಾ ಒಂದೇ ಕ್ಷಣದಲ್ಲಿ ಸುಣ್ಣ ಬಳಿದ ಗೋಡೆಯಂತಾಯಿತು.

ರಫೀಕ ಅತ್ತಿತ್ತ ನೋಡಿದ. ಒರೆಸಲು ಬಟ್ಟೆಯಿಲ್ಲ. ಸರಕ್ಕನೆ ಅನಂತರಾಯರ ಕೈಯಿಂದ ಪೇಪರ್ ಕಸಿದುಕೊಂಡು, ಮಾತೃಸಂಸ್ಥೆಯ ಸುದ್ದಿಯಿದ್ದ ಪುಟದಿಂದಲೇ ಶುರುಮಾಡಿ, ಮೊದಲಿನಿಂದ ಕೊನೆಯವರೆಗೆ ಗಾಡಿಗೆ ತಿಕ್ಕಿದ. ಆ ಮುಂಜಾನೆ ಅವನಿಗೆ ಸಿಕ್ಕ ಸಮಾಧಾನ ಅದೊಂದೇ.

"ರಾಶಿಭವಿಷ್ಯ ಇನ್ನೂ ಓದಿರಲಿಲ್ಲೋ!" ಎಂದು ಅನಂತರಾಯರು ಹಲುಬಿದರು.

ಲಕ್ಷ್ಮೇಶ್ವರದಲ್ಲಿ ಸಾಹುಕಾರರ ಮನೆಯ ಮುಂದೆ ರಂಗೋಲಿ ಬಿದ್ದಿತ್ತು. ಜಾನಕೀಬಾಯಿಯನ್ನು ಮಗಳ ಮನೆಗೆ ಮೊದಲೇ ಇಳಿಸಿಬಿಡಬೇಕೆಂದು ರಫೀಕ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. "ಪೂಜಿ ಬಿಟ್ಟು ಹೋಗಬಾರದಪಾ, ಪ್ರಸಾದ ತಗೊಂಡ ಹೋಗ್ತೀನಿ," ಎಂದು ಭರಣಿ ತಬ್ಬಿಕೊಂಡು ನಿಂತರು.

ನಿಜಲಿಂಗಪ್ಪ ಬಿಳಿ ಧೋತರ, ಬಿಳಿ ಟೋಪಿಯಲ್ಲಿ ಹೊರಬಂದರು. ಅವರ ಹಿಂದೆಯೇ ನೆರೆಮನೆಯ ಕಳಕಪ್ಪ ಮಾಸ್ತರರು ಬಂದರು. ನಿವೃತ್ತರಾದ ಮೇಲೆ ಅವರು ಊರಿಗೆಲ್ಲ ಬುದ್ಧಿ ಹೇಳುವ ಕೆಲಸ ಹಿಡಿದಿದ್ದರು. ಅವರ ಕಂಕುಳಲ್ಲಿ ಮಡಚಿದ ಪೇಪರ್ ನೋಡಿದ್ದೇ ರಫೀಕ ಪೂಜೆಯ ಸಾಮಾನಿಗೆ ಕೈ ಹಾಕಿದ.

"ಸಾವ್ಕಾರ್‍ರ, ಇವತ್ತಿನ ಪೇಪರ್‍ನ್ಯಾಗ..." ಎಂದು ಮಾಸ್ತರರು ಬಾಯಿ ತೆರೆದರು.

"ಮಾಸ್ತರ್‍ರ, ತೆಂಗಿನಕಾಯಿ ನೀವ ಒಡೀಬೇಕ್ರಿ! ನಿಮ್ಮಂಥಾ ಹಿರಿಯರ ಕೈಗುಣ ಬೇಕ್ರಿ!" ಎಂದು ರಫೀಕ ಅವರ ಒಂದು ಕೈಗೆ ತೆಂಗಿನಕಾಯಿ, ಇನ್ನೊಂದಕ್ಕೆ ಆರತಿ ತಟ್ಟೆ ತುರುಕಿದ. ಕಂಕುಳಿನ ಪೇಪರನ್ನು ತಾನೇ ಎಳೆದುಕೊಂಡು, ಅದರ ಮೇಲೆ ನಿಂತ.

ಮಾಸ್ತರರ ಪೇಪರ್ ಹೋಯಿತು, ಆದರೆ ಬುದ್ಧಿ ಹೇಳುವ ಚಟ ಹೋಗಲಿಲ್ಲ. "ಪೂಜಿ ಮಾಡೂ ಮುಂದ ಇಂಜಿನ್ ಬಂದ್ ಇರಬೇಕು. ದೇವರಿಗೆ ಹೊಗಿ ಹಿಡಿಸ್ತೀರೇನು?" ಎಂದವರೇ ಆರತಿ ತಟ್ಟೆಯನ್ನು ಜಾನಕೀಬಾಯಿಯ ಕೈಗೆ ದಾಟಿಸಿ, ಕಿಡಕಿಯೊಳಗೆ ಕೈ ಹಾಕಿ ಗುಂಡಿ ಒತ್ತಿಬಿಟ್ಟರು. ಗಾಡಿ ಉಸಿರು ನಿಲ್ಲಿಸಿತು. ರಫೀಕನದೂ ನಿಂತಿತು.

ಆರತಿಯಾಯಿತು. ಕಾಯಿ ಒಡೆಯಿತು. ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. "ಹೂಂ, ಹೊಡಿ," ಎಂದರು ಸಾಹುಕಾರರು.

ರಫೀಕ ಸ್ಟಿಯರಿಂಗ್ ಹಿಂದೆ ಕೂತ. ಹಾರನ್ ಒತ್ತಿ ಆ ದನಿಯನ್ನು ಮುಚ್ಚಬೇಕೆಂದುಕೊಂಡು ಒಂದು ಕೈ ಹಾರನ್ನಿಗೆ, ಒಂದು ಕೈ ಗುಂಡಿಗೆ ಇಟ್ಟ. ಹಾರನ್ ಒಮ್ಮೆ ಪೀಂ ಎಂದು, ಆಕಳಿಸಿ, ಸುಮ್ಮನಾಯಿತು. ಜೇನಿನಂಥ ದನಿ ಮಾತ್ರ ಓಣಿಯ ತುಂಬ ಹರಡಿತು.

"...ಮಾಲೀಕತ್ವ ಬದಲಾಗಿದೆ, ಪ್ರೀತಿ ಬದಲಾಗಿಲ್ಲ. ಬಿಡಿಭಾಗಗಳಿಗಾಗಿ..."

ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದರು. ಜಾನಕೀಬಾಯಿ ನಿಟ್ಟುಸಿರು ಬಿಟ್ಟು, "ಹೌದ್ರಿ ಸಾವ್ಕಾರ್‍ರ, ಇದನ್ನ ಇದರವ್ವ ಮಾರ್‍ಯಾಳ್ರಿ," ಎಂದರು.

ರಫೀಕ ಕೆಳಗಿಳಿದು ಕೈ ಮುಗಿದ. "ತಪ್ಪಾತ್ರಿ ಸಾವ್ಕಾರ್‍ರ. ಮುಂಜಾನಿಂದ ಮುಚ್ಚಾಕ ಬಡಕೊಂಡೆ. ಗಾಡಿ ಹೊಳ್ಳಿ ಕಳಸಬ್ಯಾಡ್ರಿ, ನನ್ನ ನೌಕರಿ ಹೋಗ್ತೈತಿ."

ನಿಜಲಿಂಗಪ್ಪ ಹೊಟ್ಟೆ ಕುಣಿಯುವಂತೆ ನಕ್ಕರು. "ಹೊಳ್ಳಿ ಯಾಕ ಕಳಸಲಿ? ನಾ ಈ ಗಾಡಿ ತಗೊಂಡೇ ಇಲ್ಲೋ!"

"ಅಂದ್ರ?"

"ನಾ ತಗೊಂಡದ್ದು ಶೋರೂಮು. ಜಾಗಾ ಛಲೋ ಐತಿ, ಹಿಂಡಿ ಗೋದಾಮಿಗೆ ಹೇಳಿ ಮಾಡಿಸಿದಂಗ. ಹೋದ ವಾರ ನೀ ಗಾಡಿ ಹೊಗಳೂ ಮುಂದ ನಾ ಗ್ವಾಡಿ ಅಳೀತಿದ್ದೆ; ಈಶಪ್ಪ ನಿನ್ನೆ ಕಾಗದ ಮಾಡಿಕೊಟ್ಟ. ಕಾಯಿಪಲ್ಲೆ ತಗೊಂಡಾಗ ಒಂದ್ ಹಿಡಿ ಕೊತ್ತಂಬರಿ ಕೊಸರು ಕೇಳೂದಿಲ್ಲೇನು? ನಾನೂ ಕೇಳಿದೆ. ಉಳಿದದ್ದು ಇದೊಂದ ಗಾಡಿ ಐತಿ, ಒಯ್ರಿ ಅಂದ."

ರಫೀಕ ಕಿಸೆಯಿಂದ ಫೋನ್ ತೆಗೆದ. ಈಶಪ್ಪನಿಗೆ ಹಚ್ಚಿದ. ಆ ಕಡೆ ಹಮಾಲರ "ಐಸಾ!" ಕೂಗು, ಗಾಜು ಒಡೆದ ಸದ್ದು, ಅದರ ನಡುವೆ ಈಶಪ್ಪನ ದನಿ ಕೇಳಿತು. "ನೀ ಇಲ್ಲಿದ್ರ ಅಳ್ತಿದ್ದಿ, ರಫೀಕ. ನನಗ ನೋಡಾಕ ಆಗ್ತಿರಲಿಲ್ಲ. ಅದಕ್ಕ ಕಳಿಸಿದೆ." ಫೋನ್ ಕಟ್ಟಾಯಿತು.

"ಹಂಗಾದ್ರ ನನ್ನ ನೌಕರಿ?"

"ಅದಕ್ಯಾಕ ಚಿಂತಿ?" ನಿಜಲಿಂಗಪ್ಪ ಅವನ ಹೆಗಲ ಮೇಲೆ ಕೈಯಿಟ್ಟರು. "ನನಗ ಕಾರು ಹೊಡಿಯಾಕ ಬರೂದಿಲ್ಲ ಅಂದೆ. ಹೊಡಿಯಾಂವನ್ನೂ ಜೋಡಿ ಕಳಸ್ತೀನಿ, ಪಗಾರ ಸ್ವಲ್ಪ ಕೊಟ್ರೂ ನಡೀತದ ಅಂದ ಈಶಪ್ಪ. ಕೊಸರಿನ್ಯಾಗ ನೀನೂ ಬಂದಿ!"

ಅನಂತರಾಯರು ಮುಂದೆ ಬಂದು ಗಂಟಲು ಸರಿಪಡಿಸಿಕೊಂಡರು. "ಮತ್ತ ನಾನ್ರಿ?"

"ನಿಮ್ಮನ್ನೂ ಕೊಡ್ತೀನಿ ಅಂದಿದ್ದ. ಲೆಕ್ಕದಾಂವ ನಮ್ಮಲ್ಲೇ ಅದಾನ, ಬ್ಯಾಡ ಅಂದೆ."

ಅನಂತರಾಯರ ಮುಖ ಸಣ್ಣದಾಯಿತು. "ಇಪ್ಪತ್ತು ವರ್ಷದ ಅನುಭವರೀ! ಪುಕ್ಕಟೆ ಕೊಟ್ರೂ ಬ್ಯಾಡ ಅಂದ್ರೇನ್ರಿ?" ಎಂದು ಕಳಕಪ್ಪ ಮಾಸ್ತರರ ಮುಂದೆ ನ್ಯಾಯ ಬಿಚ್ಚಿದರು. ಮಾಸ್ತರರಿಗೆ ಬುದ್ಧಿ ಹೇಳಲು ಕೊನೆಗೂ ಒಬ್ಬ ಗಿರಾಕಿ ಸಿಕ್ಕ.

ಸಾಹುಕಾರರು ಗಾಡಿಯ ಹಿಂಬದಿಗೆ ಹೋಗಿ ಡಿಕ್ಕಿ ತೆರೆಸಿದರು. ಒಳಗೆ ಬಗ್ಗಿ ನೋಡಿದರು, ಗೇಣು ಹಾಕಿ ಅಳೆದರು.

"ಸಂಜಿಗೆ ಮುಂಡರಗಿಗೆ ಹತ್ತಿ ಹಿಂಡಿ ಮುಟ್ಟಿಸಬೇಕು. ಇದರಾಗ ಎಷ್ಟ ಚೀಲ ಹಿಡಿಸ್ತಾವೋ?"

ಈ ಗಾಡಿಯ ಬಗ್ಗೆ ರಫೀಕ ಎರಡು ವರ್ಷ ಏನೇನು ಹೇಳಿರಲಿಲ್ಲ! ವಿಮಾನದಂಥ ಸೀಟು, ರೇಶ್ಮೆಯಂಥ ಓಟ, ಏಳು ಜನ್ಮದ ಬಾಳಿಕೆ. ಅವನು ಹಿಂದಿನ ಸೀಟು ಮಡಚಿದ, ಕಣ್ಣಳತೆ ಹಾಕಿದ.

"ಒತ್ತಿ ತುಂಬಿದ್ರ ಎಂಟು ಹಿಡಿಸ್ತಾವ್ರಿ."

ಅದು ಅವನು ಗಿರಾಕಿಗೆ ಹೇಳಿದ ಮೊದಲ ಖರೆ ಮಾತು.