ಕನ್ನಡಿ ಹಿಂದಿನ ನಿದ್ದೆ

ಎಲ್ಲಕ್ಕೂ ಕಾರಣ ಆ ಸೊಟ್ಟ ಕನ್ನಡಿ. ಮಧ್ಯಾಹ್ನ ಕ್ಷೌರದಂಗಡಿಯ ಕಟ್ಟಡದ ಮಾಲೀಕರು ಗಡ್ಡ ಮಾಡಿಸಿಕೊಳ್ಳಲು ಬರುವವರಿದ್ದರು. ಅಂಗಡಿಯನ್ನು ಮುಂದಕ್ಕೂ ಬಾಡಿಗೆಗೆ ಬಿಡುತ್ತಾರೋ ಇಲ್ಲವೋ ಎಂಬುದು ಅವತ್ತೇ ತೀರ್ಮಾನ. ಅದಕ್ಕೇ ಪುಕ್ಕಲಣ್ಣ ಬೆಳಿಗ್ಗೆ ಬೇಗ ಬಂದು, ಕನ್ನಡಿ ನೆಟ್ಟಗೆ ಮಾಡೋಣವೆಂದು ಎತ್ತಿದ. ಹಿಂದೆ ಗೋಡೆಯ ಬಿರುಕಿನಲ್ಲಿ ಕಡಜದ ಹುಳಗಳು ಒಂದರ ಮೇಲೊಂದು ಮಲಗಿದ್ದವು.

ಪುಕ್ಕಲಣ್ಣ ಅಂತ ಹೆಸರಿಟ್ಟದ್ದು ಬೀದಿಯವರು. ಕ್ಷೌರದ ಕತ್ತಿ ಹಿಡಿದಾಗ ಮಾತ್ರ ಅವನ ಕೈ ನಡುಗುತ್ತಿರಲಿಲ್ಲ. ಉಳಿದಂತೆ ಕುಕ್ಕರ್ ಕೂಗಿದರೂ ಬೆಚ್ಚಿಬೀಳುವ ಆಸಾಮಿ. ಜೀವ ಬಾಯಿಗೆ ಬಂದು, ಕನ್ನಡಿಯನ್ನು ಮೆಲ್ಲಗೆ ಮೊಳೆಗೆ ಸಿಕ್ಕಿಸಿ ಹೊರಗೋಡಿದ.

ಮೊದಲ ಗಿರಾಕಿ ವಿಜ್ಞಾನದ ಮೇಷ್ಟ್ರು ಕನ್ನಡಿಯ ಅಂಚಿನಿಂದ ಇಣುಕಿದರು. "ಚಳಿಗಾಲದ ನಿದ್ದೆ ಕಣಯ್ಯ. ಆದ್ರೆ ನೀನು ಹಗಲು ಹೀಟರ್ ಹಾಕ್ತೀಯ, ರಾತ್ರಿ ಆರಿಸ್ತೀಯ. ದಿನಾ ಹೀಗೆ ಬೆಚ್ಚಗೆ, ತಣ್ಣಗೆ ಆಗ್ತಾ ಇದ್ರೆ ಚಳಿಗಾಲ ಮುಗೀತು ಅಂದ್ಕೊಳ್ತವೆ. ಆಗ್ಲೇ ಮೀಸೆ ಅಲ್ಲಾಡಿಸ್ತಾ ಇವೆ. ಇನ್ನೊಂದ್ಸಲ ಕೋಣೆ ಕಾದ್ರೆ ಎದ್ದೇಬಿಡ್ತವೆ!"

"ಪೊರಕೆ ತರ್ಲಾ?" ಎಂದ ಕರೆಯದೇ ಬಂದಿದ್ದ ಪಕ್ಕದ ಟೈಲರ್.

"ಮುಟ್ಟಿದ್ರೆ ಕೆಟ್ಟೆ! ಸಂಜೆ ಚಳಿ ಜೋರಾದ್ಮೇಲೆ ನಾನೇ ಡಬ್ಬಿಗೆ ತುಂಬ್ಕೊಂಡು ಹೋಗ್ತೀನಿ. ಅಲ್ಲೀತನಕ ಅಂಗಡಿ ತಣ್ಣಗಿರ್ಲಿ."

ಪುಕ್ಕಲಣ್ಣ ಹೀಟರ್ ಆರಿಸಿ ಕಿಟಕಿಗಳನ್ನೆಲ್ಲ ತೆರೆದ. ಬಿಸಿನೀರು ಬಂದ್. ಗಿರಾಕಿಗಳ ಹಲ್ಲು ಕಟಕಟ ಎನ್ನುತ್ತಿದ್ದವು. ಅವನ ಒಂದು ಕಣ್ಣು ತಲೆಯ ಮೇಲೆ, ಇನ್ನೊಂದು ಕನ್ನಡಿಯ ಅಂಚಿನ ಮೇಲೆ. ಅಷ್ಟರಲ್ಲಿ ಟೈಲರ್ ಮಹಾಶಯ ಗಿರಾಕಿಗಳು ನಡುಗುವುದನ್ನು ನೋಡಿ ಅಯ್ಯೋ ಪಾಪ ಅಂತ ಇಸ್ತ್ರಿಪೆಟ್ಟಿಗೆಯ ಕೆಂಡವನ್ನು ಬಾಣಲೆಯಲ್ಲಿ ತಂದು ಕನ್ನಡಿಯ ಕೆಳಗೇ ಇಟ್ಟ. ಪುಕ್ಕಲಣ್ಣ "ಅಯ್ಯೋ!" ಎಂದು ಒಂದು ಮಗ್ ನೀರು ಸುರಿದ. ಬೂದಿಯೆಲ್ಲ ಹಾರಿ, ಸೋಪು ಹಚ್ಚಿಕೊಂಡು ಕೂತಿದ್ದ ಗಿರಾಕಿಯ ಮುಖಕ್ಕೆ ಮೆತ್ತಿತು. ಅವನು ಅರ್ಧ ಗಡ್ಡದಲ್ಲೇ ಬೈಯುತ್ತ ಹೋದ.

ಮಾಲೀಕರು ಮಫ್ಲರ್ ಸುತ್ತಿಕೊಂಡು ಬಂದರು. "ಏನಯ್ಯಾ, ಹೀಟರ್ ಇಲ್ವಾ?"

"ತಂಪಲ್ಲಿ ಕ್ಷೌರ ಮಾಡಿಸ್ಕೊಂಡ್ರೆ ಚರ್ಮಕ್ಕೆ ಒಳ್ಳೇದು, ಯಜಮಾನ್ರೇ."

ತಣ್ಣೀರು ಕೆನ್ನೆಗೆ ತಾಗಿದಾಗ ಅವರು ಕುರ್ಚಿಯಲ್ಲೇ ಕುಪ್ಪಳಿಸಿದರು. ಅದೇ ಹೊತ್ತಿಗೆ ಕನ್ನಡಿಯ ಅಂಚಿನಿಂದ ಒಂದು ಹುಳ ಹೊರಬಂದು, ಮಂಪರಿನಲ್ಲಿ ನಾಲ್ಕು ಹೆಜ್ಜೆ ಇಟ್ಟು, ಆಕಳಿಸಿದಂತೆ ರೆಕ್ಕೆ ಬಿಚ್ಚಿತು. ಕತ್ತಿ ಹಿಡಿದ ಪುಕ್ಕಲಣ್ಣನ ಕೈ ಹುಟ್ಟಿದಾರಭ್ಯ ಮೊದಲ ಸಲ ನಡುಗಿತು. ಕತ್ತಿಯ ಕೆಳಗೆ ಮಾಲೀಕರ ಗಂಟಲು. ಇನ್ನೊಂದು ಕೈಯಿಂದ ಒದ್ದೆ ಟವೆಲ್ ಎತ್ತಿ ಗಾಳಿ ಬೀಸಿದ. ಹುಳ ಮತ್ತೆ ಒಳಗೆ ಹೋಯಿತು.

ಗಡ್ಡ ಮುಗಿದ ಮೇಲೆ ಮಾಲೀಕರು ಎದ್ದು ಗೋಡೆಗಳನ್ನೆಲ್ಲ ಸವರಿ ನೋಡಿದರು. "ಯಾವಾಗ್ಲೂ ಇಷ್ಟು ತಣ್ಣಗಿರುತ್ತಾ?"

"ಯಾವಾಗ್ಲೂ, ಯಜಮಾನ್ರೇ!"

"ಭೇಷ್! ಬಿತ್ತನೆ ಆಲೂಗಡ್ಡೆ ಇಡೋಕೆ ಇಂಥಾ ಕೋಣೇನೇ ಹುಡುಕ್ತಿದ್ದೆ. ಬೆಚ್ಚಗಿದ್ರೆ ಮೊಳಕೆ ಒಡೆದುಬಿಡ್ತವೆ. ನಾಳೆ ಖಾಲಿ ಮಾಡ್ಬಿಡಪ್ಪ."

ಅವರು ಹೋದ ಮೇಲೆ ಪುಕ್ಕಲಣ್ಣ ಕುಸಿದು ಕೂತ. ಅಪ್ಪನ ಕಾಲದ ಅಂಗಡಿ. ಅಳು ಬಂತು, ಹಿಂದೆಯೇ ಕೋಪ ಬಂತು. ಕೋಪದ ಭರಕ್ಕೆ ಹೆದರಿಕೆಯೇ ಮರೆತುಹೋಯಿತು. "ಏಳ್ರೋ! ಆಲೂಗಡ್ಡೆ ಜತೆ ಸಂಸಾರ ಮಾಡಿ!" ಎಂದು ಕಿಟಕಿಗಳನ್ನೆಲ್ಲ ಮುಚ್ಚಿ ಹೀಟರನ್ನು ಪೂರ್ತಿ ತಿರುಗಿಸಿ, ಕತ್ತಿ ಬಾಚಣಿಗೆಗಳನ್ನು ಚೀಲಕ್ಕೆ ತುಂಬತೊಡಗಿದ.

ಸ್ವಲ್ಪ ಹೊತ್ತಿಗೆ ಮಾಲೀಕರು ಬಾಗಿಲು ತೆರೆದರು. ಮಫ್ಲರ್ ಮರೆತಿದ್ದರು. "ಇದೇನಯ್ಯಾ, ಒಲೆ ಕಾದ ಹಾಗೆ ಕಾದಿದೆ! ಯಾವಾಗ್ಲೂ ತಣ್ಣಗಿರುತ್ತೆ ಅಂತ ಸುಳ್ಳು ಹೇಳ್ತೀಯಾ? ನನ್ನ ಆಲೂಗಡ್ಡೆ ಗತಿ ಏನಾಗ್ತಿತ್ತು? ಬೇಡವೇ ಬೇಡ. ಅಂಗಡಿ ನೀನೇ ಇಟ್ಕೋ!"

ಅವರು ಮಫ್ಲರ್ ಎತ್ತಿಕೊಂಡು ಹೊರಟ ಕೂಡಲೇ ಪುಕ್ಕಲಣ್ಣ ಖುಷಿಯಿಂದ ಕತ್ತಿ ಬಾಚಣಿಗೆಗಳನ್ನು ಚೀಲದಿಂದ ಹೊರತೆಗೆದ. ಮರುಕ್ಷಣವೇ ನೆನಪಾಗಿ ಹೀಟರ್ ಕಡೆ ಓಡಿದ. ಕೈ ಸ್ವಿಚ್ಚಿಗೆ ತಾಗುವ ಮೊದಲೇ ಕನ್ನಡಿ ಗುಂಯ್ ಎಂದಿತು.

ಸಂಜೆ ಮೇಷ್ಟ್ರು ಡಬ್ಬಿ ಹಿಡಿದು ಬಂದರೆ, ಪುಕ್ಕಲಣ್ಣ ಮುಚ್ಚಿದ ಬಾಗಿಲ ಹೊರಗೆ, ಬೀದಿಯ ಚಳಿಯಲ್ಲಿ ಕೂತಿದ್ದ. ತುಟಿ ಊದಿತ್ತು.

"ಅಂಗಡಿ ನಿನಗೇ ಸಿಕ್ತಂತಲ್ಲಯ್ಯ! ಒಳಗೆ ಕೂರೋದಲ್ವಾ?"

"ಸಿಕ್ತು ಮೇಷ್ಟ್ರೇ," ಎಂದ ಪುಕ್ಕಲಣ್ಣ, ದನಿ ತಗ್ಗಿಸಿ. "ಒಳಗೆ ಅವರಿದ್ದಾರೆ."