ಒಗೆಯುವ ಕಲ್ಲಿನ ಸರೋವರ

ಫೋಟೋರಾಯರು ಮೊದಲಿಗೆ ಸುಳ್ಳು ಹೇಳಿದವರಲ್ಲ. ಸುಮ್ಮನಿದ್ದರು, ಅಷ್ಟೇ. ಬಾಯಿ ಮುಚ್ಚಿಕೊಂಡೂ ಒಬ್ಬ ಮನುಷ್ಯ ಇಷ್ಟೊಂದು ಫಜೀತಿಗೆ ಸಿಕ್ಕಿಕೊಳ್ಳಬಹುದೆಂದು ಆ ಭಾನುವಾರದ ತನಕ ಅವರಿಗೆ ತಿಳಿದಿರಲಿಲ್ಲ.

ಅವರು ಒಂದು ಮುದ್ರಣಾಲಯದಲ್ಲಿ ಕಾಗದದ ಗೋದಾಮು ನೋಡಿಕೊಳ್ಳುವ ಗುಮಾಸ್ತರು. ಗೋಡೆ ಕ್ಯಾಲೆಂಡರುಗಳನ್ನು ಅಚ್ಚು ಹಾಕುವುದು ಅಲ್ಲಿನ ಮುಖ್ಯ ಕಸುಬು. ರಾಯರಿಗೆ ಕ್ಯಾಮೆರಾದ ಹುಚ್ಚು. ಬೆಳಗಾದರೆ ಒಂದು ಚಿತ್ರವನ್ನು ಮುದ್ರಣಾಲಯದವರ ಫೋನ್ ಗುಂಪಿಗೆ ಹಾಕದಿದ್ದರೆ ಅವರಿಗೆ ಹಲ್ಲುಜ್ಜಿದಂತೆಯೇ ಆಗುತ್ತಿರಲಿಲ್ಲ. ತುಕ್ಕು ಹಿಡಿದ ಚಿಲಕ, ಬಸ್ಸಿಗೆ ಕಾದು ನಿದ್ದೆ ಹೋದ ಮುದುಕ, ಎಂದೋ ಪ್ರವಾಸ ಹೋದಾಗ ಕಂಡ ಸೇತುವೆ, ಹೀಗೆ ಏನಾದರೊಂದು. ಯಾರೂ ನೋಡುತ್ತಿರಲಿಲ್ಲ. ಆದರೂ ಅವರಿಗೊಂದು ಆಸೆಯಿತ್ತು. ಕಣ್ಣು ಮುಚ್ಚುವುದರೊಳಗೆ ತಮ್ಮ ಒಂದಾದರೂ ಚಿತ್ರ ಯಜಮಾನರ ಕ್ಯಾಲೆಂಡರಿನಲ್ಲಿ ಬರಬೇಕು. ಗುರುತು ಪರಿಚಯವಿಲ್ಲದವರ ಮನೆಯ ಗೋಡೆಯ ಮೇಲೆ ತೂಗಬೇಕು.

ಆ ವಾರ ಅವರು ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಚಿತ್ರ ತೆಗೆದರು. ಕಲ್ಲಿನ ಅಂಚಿಗೆ ದಟ್ಟವಾಗಿ ಪಾಚಿ ಬೆಳೆದಿತ್ತು. ನಡುವಿನ ತಗ್ಗಿನಲ್ಲಿ ನೀರು ನಿಂತಿತ್ತು, ಅದರ ಮೇಲೆ ಸೋಪಿನ ನೊರೆ ತೆಳ್ಳಗೆ ಹರಡಿತ್ತು. ಒಂದು ಇರುವೆ ಬಿದ್ದು ತೇಲುತ್ತಿತ್ತು. ಮೂಗು ತಾಗುವಷ್ಟು ಹತ್ತಿರ ಬಗ್ಗಿ ಚಿತ್ರ ತೆಗೆದು ಗುಂಪಿಗೆ ಹಾಕಿದರು. ಇದು ಇಂಥದ್ದು ಎಂದು ಬರೆಯಲು ಕನ್ನಡಕ ಹುಡುಕುವಷ್ಟರಲ್ಲಿ ಹೊಗಳಿಕೆಯ ಸುರಿಮಳೆಯೇ ಆಗಿಹೋಯಿತು. ಎಂಥ ಕಾಡು, ಎಂಥ ಮಂಜು ಎಂದರು. ಆ ಒಂಟಿ ದೋಣಿ ನೋಡಿ ಕಣ್ಣಲ್ಲಿ ನೀರು ಬಂತು ಎಂದು ಬೈಂಡಿಂಗ್ ಅಕ್ಕ ಬರೆದರು. ಈ ಸಲದ ಕ್ಯಾಲೆಂಡರಿನ ಮೊದಲ ಪುಟಕ್ಕೆ ಇದೇ ಇರಲಿ ಎಂದು ಯಜಮಾನರು ಬರೆದರು.

ರಾಯರು ಕನ್ನಡಕ ಸಿಕ್ಕಿದರೂ ಏನನ್ನೂ ಬರೆಯಲಿಲ್ಲ.

ಯಜಮಾನರದು ಒಂದು ಕಟ್ಟುನಿಟ್ಟು. ತಾವು ಹೋಗಿ ನಿಂತು ನೋಡದ ಜಾಗದ ಚಿತ್ರವನ್ನು ಅಚ್ಚಿಗೆ ಕೊಡುವವರಲ್ಲ. ಹಿಂದೊಮ್ಮೆ ಮುಳುಗುವ ಸೂರ್ಯನ ಕೆಳಗೆ ಸೂರ್ಯೋದಯ ಎಂದು ಅಚ್ಚಾಗಿ, ಗಿರಾಕಿಗಳು ಕ್ಯಾಲೆಂಡರುಗಳನ್ನು ಕಟ್ಟುಸಮೇತ ಹಿಂದಕ್ಕೆ ಕಳಿಸಿದ್ದರು. ಹಾಗಾಗಿ ಭಾನುವಾರ ಬೆಳಗ್ಗೆ ರಾಯರ ಮನೆಯ ಮುಂದೆ ಒಂದು ವ್ಯಾನು ಬಂದು ನಿಂತಿತು. ಒಳಗೆ ಯಜಮಾನರು, ಬೈಂಡಿಂಗ್ ಅಕ್ಕ, ಕರಡು ತಿದ್ದುವ ಮೇಷ್ಟ್ರು. ಡ್ರೈವರು ಕತ್ತು ಹೊರಗೆ ಹಾಕಿ, "ಯಾವ ಕಡೆ ಸಾರ್?" ಎಂದ.

ಸರೋವರ ಇದ್ದದ್ದು ಅಲ್ಲಿಂದ ಹದಿನೈದು ಹೆಜ್ಜೆ ದೂರದ ಹಿತ್ತಿಲಿನಲ್ಲಿ. ರಾಯರು ಊರ ಹೊರಗಿನ ದಾರಿಯತ್ತ ಕೈ ತೋರಿಸಿದರು.

ದಾರಿಯಲ್ಲಿ ಹೇಳಿಬಿಡೋಣ ಎಂಬುದು ಅವರ ಯೋಚನೆ. ಆದರೆ ಬಾಯಿ ತೆರೆದಾಗಲೆಲ್ಲ ಯಜಮಾನರು ಬೆನ್ನು ತಟ್ಟಿ, ಇಷ್ಟು ವರ್ಷ ನಿಮ್ಮನ್ನು ಕಾಗದ ಎಣಿಸಲು ಹಚ್ಚಿದ್ದು ನನ್ನ ತಪ್ಪು ಎನ್ನುವರು. ಬೆನ್ನು ತಟ್ಟಿದಾಗ ನಿಜವು ಮತ್ತೆ ಹೊಟ್ಟೆಗಿಳಿಯುವುದು. ಎಡಕ್ಕೆ ಎಂದರು, ಬಲಕ್ಕೆ ಎಂದರು. ಒಂದೇ ಪೆಟ್ರೋಲ್ ಬಂಕನ್ನು ಮೂರು ಸಲ ದಾಟಿದ ಮೇಲೆ ಅಲ್ಲಿನವನು ಪರಿಚಯದ ನಗೆ ನಕ್ಕ. ಮೇಷ್ಟ್ರಿಗೆ ಎಲ್ಲದರಲ್ಲೂ ತಪ್ಪು ಹುಡುಕುವ ಅಭ್ಯಾಸ. ಅವರು ಫೋನನ್ನು ಕಣ್ಣಿಗೆ ಅಂಟಿಸಿಕೊಂಡು, ಬೆಳಗಿನ ಜಾವ ಬಸ್ಸಿಲ್ಲದ ಹೊತ್ತಿನಲ್ಲಿ ನೀವು ಅಲ್ಲಿಗೆ ಹೋದದ್ದು ಹೇಗೆ ಎಂದು ಕೇಳಿದರು. ನಡೆದೇ ಹೋದೆ ಎಂದರು ರಾಯರು. ಅದಂತೂ ನಿಜವೇ ಆಗಿತ್ತು.

ಮಧ್ಯಾಹ್ನವಾಯಿತು. ಎಲ್ಲರ ಹೊಟ್ಟೆ ಚುರುಗುಟ್ಟತೊಡಗಿತು. ಬೈಂಡಿಂಗ್ ಅಕ್ಕನ ಮುಖ ಒದ್ದೆ ರಟ್ಟಿನಂತೆ ಜೋತುಬಿತ್ತು. ಇನ್ನು ತಾಳಲಾರೆ ಎನಿಸಿ ರಾಯರು ಕೈ ಜೋಡಿಸಿ, "ಯಜಮಾನ್ರೇ, ನಾನೊಂದು ಮಾತು ಹೇಳಬೇಕು" ಎಂದರು. ಅಷ್ಟರಲ್ಲಿ ವ್ಯಾನು ಒಂದು ತಿರುವು ದಾಟಿತು.

ಎದುರಿಗೆ ಸರೋವರ. ಸುತ್ತ ಅದೇ ಕಾಡು. ಮೋಡ ಕವಿದ ದಿನ, ನೀರಿನ ಮೇಲೆ ಮಧ್ಯಾಹ್ನವೂ ಕರಗದ ಅದೇ ಬಿಳಿ ಮಂಜು. ದಡದ ಬಳಿ ಅದೇ ಒಂಟಿ ದೋಣಿ.

ಭಗವಂತ ತಮ್ಮ ಮಾನ ಉಳಿಸಲು ಒಗೆಯುವ ಕಲ್ಲನ್ನೇ ಹಿಗ್ಗಿಸಿ ಇಲ್ಲಿ ತಂದಿಟ್ಟನೆ ಎಂದು ರಾಯರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಅಡ್ಡಬಿದ್ದರು. ಯಜಮಾನರು ಇಳಿದು ಚಿತ್ರವನ್ನೂ ನೀರನ್ನೂ ಹೋಲಿಸಿ ನೋಡಿ ಅವರನ್ನು ಅಪ್ಪಿಕೊಂಡರು. ಎಲ್ಲಿ ನಿಂತು ತೆಗೆದಿರಿ ಎಂದು ಕೇಳಿದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬೆಳಗಿನಿಂದ ಸುಮ್ಮನಿದ್ದ ಮನುಷ್ಯ ಬೇಕಾದಾಗ ಸುಮ್ಮನಿರಲಿಲ್ಲ. ಎದೆ ಸೆಟೆಸಿ, ಮುಳ್ಳುತಂತಿಯ ಬೇಲಿಯಾಚೆಗಿನ ಒಂದು ಬಂಡೆ ತೋರಿಸಿ, "ಅಗೋ ಅಲ್ಲಿ. ಕಾಲು ಜಾರಿದ್ರೆ ಕತೆ ಮುಗೀತಿತ್ತು" ಎಂದರು.

"ಓಹೋ, ನೀವೇನಾ?" ಎಂದಿತು ಹಿಂದಿನಿಂದ ಒಂದು ದನಿ.

ಅದು ಕಾವಲು ಅಧಿಕಾರಿಯದು. ಇದು ಸುತ್ತಲ ಊರುಗಳಿಗೆ ಕುಡಿಯುವ ನೀರು ಕೊಡುವ ಜಲಾಶಯ, ಬೇಲಿಯೊಳಗೆ ಕಾಲಿಡುವುದೂ ಚಿತ್ರ ತೆಗೆಯುವುದೂ ಅಪರಾಧ ಎಂದು ಅವರು ತಿಳಿಸಿದರು. ರಾಯರ ಕೊರಳಿನಿಂದ ಕ್ಯಾಮೆರಾ ಕಳಚಿ, ಎಲ್ಲರನ್ನೂ ಕಾವಲು ಕೋಣೆಗೆ ನಡೆಸಿಕೊಂಡು ಹೋದರು.

ರಾಯರ ಬಾಯಿಂದ ನಿಜ ಈಗ ತಾನಾಗಿಯೇ ಉದುರಿತು. "ಸಾರ್, ಚಿತ್ರದಲ್ಲಿರೋದು ಈ ಜಾಗ ಅಲ್ಲ. ನಮ್ಮನೆ ಬಟ್ಟೆ ಒಗೆಯೋ ಕಲ್ಲು."

ಅಧಿಕಾರಿ ಯಜಮಾನರ ಫೋನಿನಲ್ಲಿದ್ದ ಚಿತ್ರ ನೋಡಿದರು, ಕಿಟಕಿಯಾಚೆ ನೋಡಿದರು. "ಈ ಕಾಡು?"

"ಪಾಚಿ ಸಾರ್."

"ಮಂಜು?"

"ಸೋಪಿನ ನೊರೆ."

"ಈ ದೋಣಿ?"

"ಇರುವೆ ಸಾರ್. ಸತ್ತಿತ್ತು, ಪಾಪ."

ಅಧಿಕಾರಿಯ ಮುಖ ಊದಿಕೊಂಡಿತು. "ಇದು ನಮ್ಮ ಇಲಾಖೆ ದೋಣಿ ಕಣ್ರೀ. ದಿನಾ ಬೆಳಗ್ಗೆ ಇದರಲ್ಲಿ ಗಸ್ತು ತಿರುಗೋನು ನಾನು. ಇಲ್ಲಿ ತುದೀಲಿ ದುಂಡಗೆ ಕಾಣ್ತಿದೆಯಲ್ಲ, ಅದು ನನ್ನ ತಲೆ."

ರಾಯರು ನೆರವಿಗಾಗಿ ತಮ್ಮವರತ್ತ ತಿರುಗಿದರು. ಅವರೂ ಕೈ ಬಿಡಲಿಲ್ಲ. ಇವರು ತುಂಬ ವಿನಯವಂತರು, ತಮ್ಮ ಕೆಲಸವನ್ನು ಯಾವಾಗಲೂ ಕಡಿಮೆ ಮಾಡಿಯೇ ಹೇಳುತ್ತಾರೆ ಎಂದರು ಯಜಮಾನರು. ಬೈಂಡಿಂಗ್ ಅಕ್ಕ ತಾವು ಇರುವೆಗಾಗಿ ಅತ್ತವರಲ್ಲವೆಂದು ಆಣೆ ಮಾಡಿದರು. ಮೇಷ್ಟ್ರಂತೂ ಜನ್ಮದಲ್ಲಿ ಮೊದಲ ಬಾರಿಗೆ ಒಂದು ತಪ್ಪನ್ನೂ ಹುಡುಕದೆ, ಇದರಲ್ಲಿ ಗಾಳಿ ಬೀಸುವುದೂ ತಮಗೆ ಕಾಣುತ್ತಿದೆ ಎಂದು ಸಾಕ್ಷಿ ಹೇಳಿದರು.

"ನನ್ನ ಹೆಂಡತೀನ ಕೇಳಿ ಸಾರ್" ಎಂದರು ರಾಯರು. "ಆ ಪಾಚಿಗಾಗಿ ದಿನಾ ನನ್ನ ಹತ್ರ ಜಗಳ ಆಡ್ತಾಳೆ."

ಅಧಿಕಾರಿ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಆ ಕಡೆ ಹೆಂಗಸರ ನಗು ಕೇಳಿಸಿತು. ಭಾನುವಾರದ ಮಧ್ಯಾಹ್ನ ಅಕ್ಕಪಕ್ಕದವರೆಲ್ಲ ರಾಯರ ಮನೆಯಲ್ಲೇ ಸೇರುವುದು ರೂಢಿ.

"ಅಮ್ಮಾ, ನಾನು ಕಾವಲು ಅಧಿಕಾರಿ. ನಿಮ್ಮನೆ ಒಗೆಯೋ ಕಲ್ಲಿನ ಮೇಲೆ ಪಾಚಿ ಬೆಳೆದಿದೆಯಾ?"

ನಗು ನಿಂತಿತು. ಆ ಕೋಣೆಯಲ್ಲಿದ್ದ ಅಷ್ಟೂ ಹೆಂಗಸರು ಕಿವಿ ನೆಟ್ಟಗೆ ಮಾಡಿದ್ದು ರಾಯರಿಗೆ ಇಲ್ಲಿಂದಲೇ ಕಂಡಂತಾಯಿತು.

"ಪಾಚಿನಾ? ನಮ್ಮನೇಲಾ?" ಎಂದಿತು ಹೆಂಡತಿಯ ದನಿ. "ಸ್ವಾಮಿ, ನಿಮಗೆ ಯಾರು ಹೇಳಿದ್ರೋ ಕಾಣೆ. ನಮ್ಮ ಕಲ್ಲಿನ ಮೇಲೆ ತಟ್ಟೆ ಇಲ್ಲದೆ ಊಟ ಮಾಡಬಹುದು."

"ಇವಳೇ, ನಿಜ ಹೇಳೇ" ಎಂದು ರಾಯರು ಅಂಗಲಾಚಿದರು.

"ನಿಜಾನೇ ಹೇಳ್ತಿದೀನಲ್ರೀ. ಪಾಚಿ ಅಂತೆ, ಪಾಚಿ" ಎಂದು ಫೋನ್ ಇಟ್ಟಳು.

ರಾಯರು ಬೆಂಚಿನ ಮೇಲೆ ಕುಸಿದರು. ಅವರ ಅವಸ್ಥೆ ನೋಡಿ ಅಧಿಕಾರಿಗೂ ಮರುಕ ಹುಟ್ಟಿತು. ಕ್ಯಾಮೆರಾ ಸದ್ಯ ಇಲ್ಲಿರಲಿ, ನಾಳೆ ನಾನೇ ಬಂದು ನಿಮ್ಮ ಕಲ್ಲನ್ನು ಪರೀಕ್ಷಿಸುತ್ತೇನೆ, ಚಿತ್ರದಲ್ಲಿರುವ ಪಾಚಿ ಅಲ್ಲಿದ್ದರೆ ಕ್ಯಾಮೆರಾ ನಿಮ್ಮದು, ಇಲ್ಲದಿದ್ದರೆ ನೀವು ನಮ್ಮವರು ಎಂದರು. ಕ್ಯಾಲೆಂಡರಿನ ಮಾತು ಯಜಮಾನರೇ ಮುಗಿಸಿದರು. ನಿಷೇಧದ ಜಾಗದ ಚಿತ್ರವನ್ನು ಹಾಕುವ ಹಾಗಿಲ್ಲ, ಒಗೆಯುವ ಕಲ್ಲಿನದಾದರೆ ಕೇಳುವುದೇ ಬೇಡ.

ಕ್ಯಾಲೆಂಡರು ಹೋದರೆ ಹೋಯಿತು, ಕ್ಯಾಮೆರಾ ಉಳಿದೀತು, ನಾನೂ ಉಳಿದೇನು ಎಂದು ರಾಯರು ವ್ಯಾನು ಹತ್ತಿದರು. ಇಂಥ ಪಾಚಿಯನ್ನು ಸೃಷ್ಟಿಸಿದ ದೇವರನ್ನು ದಾರಿಯುದ್ದಕ್ಕೂ ಕೊಂಡಾಡಿದರು. ಮನೆ ಇನ್ನೇನು ಹತ್ತಿರವಾಯಿತು ಎನ್ನುವಾಗ ಫೋನ್ ಬಂತು. ಹೆಂಡತಿಯ ದನಿಯಲ್ಲಿ ಏದುಸಿರು.

"ರೀ, ಏನೂ ಹೆದರಬೇಡಿ. ಅಧಿಕಾರಿಗಳು ಬಂದು ನೋಡಿದ್ರೂ ನಿಮ್ಮ ಮರ್ಯಾದೆ ಹೋಗಬಾರದು ಅಂತ ಅಕ್ಕಪಕ್ಕದವರು ಎದ್ದು ಹೋದ ಕೂಡಲೇ ಕಲ್ಲು ಉಜ್ಜಿಬಿಟ್ಟೆ. ಹುಡುಕಿದ್ರೂ ಒಂದು ಚೂರು ಪಾಚಿ ಸಿಗೋದಿಲ್ಲ."