ಕೈ ಎತ್ತಿದರೆ ಮಷೀನು ಬಂದ್

ಗಡಿಯಾರ ನೋಡಿ ಬದುಕುವವರನ್ನು ದೂರದಿಂದ ಮೆಚ್ಚಿಕೊಳ್ಳಬಹುದು, ಒಂದೇ ಸೂರಿನಡಿ ಬಾಳುವುದು ಕಷ್ಟ. ಇದು ನನ್ನ ಹೆಂಡತಿಯ ಅಭಿಪ್ರಾಯ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಸೂಪರ್‌ವೈಸರ್ ಆಗಿ ದುಡಿದು ನಿವೃತ್ತನಾದ ನನಗೆ ಮನೆಯೂ ಗಿರಣಿಯ ಹಾಗೆ ನಡೆದರೇ ಸಮಾಧಾನ. ಭತ್ತ ಒಂದು ಕಡೆ ಬೀಳಬೇಕು, ಅಕ್ಕಿ ಇನ್ನೊಂದು ಕಡೆ ಬರಬೇಕು, ನಡುವೆ ಯಾರೂ ಪ್ರಶ್ನೆ ಕೇಳಬಾರದು. ನಮ್ಮಲ್ಲಿ ಹಾಲು, ಸ್ನಾನ, ಊಟ, ನಿದ್ದೆ ಎಲ್ಲಕ್ಕೂ ಹೊತ್ತು ಗೊತ್ತುಮಾಡಿದ್ದೇನೆ. ಹಾಲಿನ ಹೊತ್ತಾದ ಮೇಲೆ ಹಸಿವಾಗಿದೆಯೋ ಇಲ್ಲವೋ ಎಂಬ ಚರ್ಚೆ ಬೇಕಿಲ್ಲ.

ಗಿರಣಿಯಲ್ಲಿ ಪ್ರಶ್ನೆ ಕೇಳಿದರೂ ಕೇಳಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಆ ಸದ್ದಿನಲ್ಲಿ ಬಾಯಿಗೆ ಬೆಲೆಯಿಲ್ಲ, ಎಲ್ಲ ವ್ಯವಹಾರವೂ ಕೈಯಲ್ಲೇ. ಅಂಗೈ ಮೇಲೆತ್ತಿದರೆ ಇನ್ನೂ ಭತ್ತ ಸುರಿ ಎಂದು. ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದರೆ ಮಷೀನು ಬಂದ್. ಈ ಎರಡನೆಯದಕ್ಕೆ ನಾನೇ ಒಂದು ನಿಯಮ ಮಾಡಿದ್ದೆ: ಹಮಾಲಿ ತೋರಿಸಲಿ, ಮಾಲೀಕ ತೋರಿಸಲಿ, ಮೊದಲು ಸ್ವಿಚ್ ಆರಿಸಬೇಕು, ಕಾರಣ ಆಮೇಲೆ ಕೇಳಬೇಕು. ದಿನವಿಡೀ ಆಡದೆ ಉಳಿದ ಮಾತನ್ನೆಲ್ಲ ಸಂಜೆ ಮನೆಗೆ ತಂದು ಸುರಿಯುತ್ತಿದ್ದೆ, ಅದೂ ಗಿರಣಿಯ ದನಿಯಲ್ಲಿ.

ಇಂಥ ನಾನು, ಮೊಮ್ಮಗಳಿಗೆ ಕೈಸನ್ನೆ ಕಲಿಸಬೇಕೆಂದು ಸೊಸೆ ಹೇಳಿದಾಗ ವಿರೋಧಿಸಿದೆ ಎಂದರೆ ನೀವು ನಗುತ್ತೀರಿ. ನಗಿ. ಮನೆಯವರೂ ನಕ್ಕರು.

ಪಾರು ಎರಡು ವರ್ಷ ದಾಟಿದ್ದಳು. ಕಿವಿ ಚೆನ್ನಾಗಿತ್ತು, ಕಾಲು ಅದಕ್ಕಿಂತ ಚುರುಕಾಗಿತ್ತು, ಮಾತು ಮಾತ್ರ ಬಂದಿರಲಿಲ್ಲ. ಏನೋ ಬೇಕಾಗಿ, ಅದು ನಮಗೆ ತಿಳಿಯದೆ ಹೋದರೆ ನೆಲಕ್ಕೆ ಹಣೆ ಚಚ್ಚಿಕೊಂಡು ಅಳುತ್ತಿದ್ದಳು. ಒಂದು ಬಾವು ಇಳಿಯುವಷ್ಟರಲ್ಲಿ ಇನ್ನೊಂದು. ನಮಗೆ ಊಟ ಸೇರುತ್ತಿರಲಿಲ್ಲ. ಸೊಸೆ ರೇಣುಕಾ ಮಗುವನ್ನು ಬಸ್ಸಿನಲ್ಲಿ ಬಳ್ಳಾರಿಗೆ ಕರೆದೊಯ್ದು, ಮಾತಿನ ತರಬೇತಿ ಕೊಡುವ ಮೇಡಂ ಒಬ್ಬರಿಗೆ ತೋರಿಸಿದಳು. ಬೇಕು, ಸಾಕು, ಇನ್ನೂ, ನೀರು ಎಂಬ ಸನ್ನೆಗಳನ್ನು ಕಲಿತು ಬಂದಳು. "ಬಾಯಿಲೆ ಹೇಳ್ಕೋಂತ ಕೈಲೆ ತೋರಿಸ್ಬೇಕಂತ್ರಿ ಮಾವ," ಎಂದಳು.

ಆ ದಿನ ಕುರುಗೋಡಿನಿಂದ ಅವಳ ತಾಯಿ, ಅಂದರೆ ನಮ್ಮ ಬೀಗಿತಿ, ಬಂದಿದ್ದರು. "ಕೈ ಮಾತಾಡಾಕ ಹತ್ತಿದ್ರ ಬಾಯಿ ಯಾಕ ತಗೀತಾಳ? ಬ್ಯಾಡವ್ವ, ಕೂಸಿನ್ನ ಮೂಗಿ ಮಾಡೀರಿ," ಎಂದರು. ಬೀಗಿತಿಯ ಮಾತನ್ನು ನಾನು ಒಪ್ಪಿದ್ದು ಅದೇ ಮೊದಲು. ಗಂಭೀರವಾಗಿ ತಲೆಯಾಡಿಸಿದೆ.

ರೇಣುಕಾ ನನ್ನ ಕಡೆ ತಿರುಗಿದಳು. "ಮಾವ, ನೀವು ಗಿರಣ್ಯಾಗ ಅಷ್ಟು ವರ್ಷ ಕೈ ಬೀಸೀರಿ. ಬಾಯಿ ಬಿದ್ದು ಹೋತೇನ್ರಿ?"

ಅಡುಗೆಮನೆಯಿಂದ ನನ್ನ ಹೆಂಡತಿಯೇ ಉತ್ತರ ಕೊಟ್ಟಳು: "ಬಿದ್ದಿದ್ರ ನಾ ಒಂದೀಟು ನಿದ್ದಿ ಮಾಡ್ತಿದ್ನವ್ವ!"

ಅಲ್ಲಿಗೆ ನನ್ನ ವಿರೋಧ ಮುಗಿಯಿತು. ನನ್ನಂಥವನಿಗೆ ವಿರೋಧ ಮುಗಿದ ಮೇಲೆ ಮುಂದಿನ ಕೆಲಸ ಮೇಲ್ವಿಚಾರಣೆ. ಮರುದಿನವೇ ತರಗತಿ ಶುರು. ಸ್ನಾನವಾದ ಮೇಲೆ ಪಾರುವನ್ನು ಮಣೆಯ ಮೇಲೆ ಕೂರಿಸಿ, ಎದುರಿಗೆ ನಿಂತು, ಅಂಗೈ ಎತ್ತಿ "ಇನ್ನೂ! ಇನ್ನೂ!" ಎಂದು ಕವಾಯತು ಮಾಡಿದೆ. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಯಲಾಟ ನೋಡುವವಳಂತೆ ನೋಡಿದಳು. ದಿನವೂ ನಾನು ಕುಣಿದೆ, ಅವಳು ನೋಡಿದಳು. ಕೈ ಮಾತ್ರ ಮುಂದೆ ಬರಲಿಲ್ಲ.

ರೇಣುಕಾ ಇದನ್ನು ಫೋನಿನಲ್ಲಿ ಹೇಳಿದಾಗ ಮೇಡಂ ಒಂದೇ ಪ್ರಶ್ನೆ ಕೇಳಿದರಂತೆ: ಮಗು ಕೇಳುವ ಮೊದಲೇ ಎಲ್ಲವನ್ನೂ ಕೊಟ್ಟುಬಿಡುತ್ತೀರಾ? ರೇಣುಕಾ ಫೋನು ಕೆಳಗಿಟ್ಟು ಗೋಡೆಯ ಗಡಿಯಾರ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಒಳ್ಳೆಯ ಸೊಸೆ, ಅಷ್ಟಕ್ಕೇ ಬಿಟ್ಟಳು. ನಮ್ಮ ಮನೆಯಲ್ಲಿ ನೀರಡಿಕೆಗೆ ಮೊದಲೇ ನೀರು, ಹಸಿವಿಗೆ ಮೊದಲೇ ಹಾಲು. ಪಾಪ, ಮಗು ಕೇಳುವುದಾದರೂ ಏನನ್ನು? ನನ್ನ ವೇಳಾಪಟ್ಟಿಯಲ್ಲಿಲ್ಲದ್ದು ಬೇಕಾದಾಗ ಅದಕ್ಕೆ ಉಳಿದಿದ್ದು ಹಣೆ ಒಂದೇ.

ಹೊಸ ಕ್ರಮ ಜಾರಿಗೆ ಬಂತು: ಸ್ವಲ್ಪವೇ ಕೊಡಬೇಕು, ಸನ್ನೆ ತೋರಿಸಬೇಕು, ಕಾಯಬೇಕು. ಸಂಜೆ ಒಂದು ಬಟ್ಟಲು ಮಂಡಕ್ಕಿ ಹಿಡಿದು ಕುಳಿತೆ. ನಾಲ್ಕೇ ಕಾಳು ಕೊಟ್ಟೆ. ಪಾರು ತಿಂದು ಮುಗಿಸಿ ಬಟ್ಟಲು ನೋಡಿದಳು. ಅಂಗೈ ಎತ್ತಿ "ಇನ್ನೂ ಬೇಕಾ?" ಎಂದೆ, ಸುಮ್ಮನಾದೆ. ಕಾಯುವುದು ನನಗೆ ಬಾರದ ವಿದ್ಯೆ. ಅವಳ ತುಟಿ ಅದುರಿತು. ಹಣೆ ನೆಲದ ಕಡೆ ಬಾಗಿತು. ನನ್ನ ಎದೆಯಲ್ಲಿ ಗಿರಣಿಯೇ ಶುರುವಾಯಿತು.

"ಕೊಟ್ಟು ಬಿಡ್ರಿ ಬೀಗ್ರ, ಮಂಡಕ್ಕಿಗೆ ಏನ್ ಬರ ಬಂದೈತಿ?" ಇನ್ನೂ ಊರಿಗೆ ಹಿಂದಿರುಗದ ಬೀಗಿತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಾಗಿದ ಹಣೆ ಅರ್ಧದಲ್ಲೇ ನಿಂತಿತು. ಪಾರು ನನ್ನ ಕೈ ನೋಡಿದಳು. ತನ್ನ ಕೈ ನೋಡಿಕೊಂಡಳು. ಮೆಲ್ಲಗೆ ಅಂಗೈ ಮೇಲೆತ್ತಿದಳು.

ನಾನು ಬಟ್ಟಲನ್ನೇ ಕೊಡಹೊರಟೆ. "ನಾಕ ಕಾಳ್ರಿ ಮಾವ, ನಾಕ!" ಎಂದು ರೇಣುಕಾ ತಡೆದಳು. ನಾಲ್ಕು ಕೊಟ್ಟೆ. ಮತ್ತೆ ಅಂಗೈ. ಕೊಟ್ಟೆ. ಮತ್ತೆ. ಅಂದು ದೇವರಿಗೆ ದೀಪ ಹಚ್ಚುವ ಹೊತ್ತು ಮೀರಿದ್ದನ್ನು ನನಗೆ ದೇವರೂ ನೆನಪಿಸಲಿಲ್ಲ.

ಹಣೆಯ ಬಾವು ಇಳಿಯಿತು, ದಿನ ಕಳೆದಂತೆ ಹೊಸದು ಬರುವುದೂ ನಿಂತಿತು. ಮನೆಮಂದಿಯೆಲ್ಲ ಹೊಟ್ಟೆತುಂಬ ಉಂಡೆವು. ಮಿಕ್ಸಿಯ ಸದ್ದಿಗೆ ಪಾರು ಹೆದರುತ್ತಾಳೆಂದು, ಮೇಡಂ ಹೇಳಿರದ ಗಿರಣಿಯ ಸನ್ನೆಯನ್ನೂ ಕಲಿಸಿದೆ. ಅವಳು ಕೈ ಅಡ್ಡ ಎತ್ತಿದರೆ ಯಾರಿದ್ದರೂ ಮಿಕ್ಸಿ ಆರಿಸಲೇಬೇಕು. ಕೆಲವು ತಿಂಗಳಿಗೆ ಅಂಗೈಯ ಜೊತೆ "ಇನ್ನಾ" ಎಂಬ ದನಿಯೂ ಬಂತು. ಅದರ ಹಿಂದೆಯೇ "ನೀ" ಎಂದರೆ ನೀರು, "ತಾ" ಎಂದರೆ ತಾತ. ಕುರುಗೋಡಿನಲ್ಲಿ ಬೀಗಿತಿ, "ಕೈಸನ್ನಿ ಕಲಿಸ್ರಿ ಅಂತ ನಾನಾ ಹೇಳಿದ್ದು" ಎನ್ನುತ್ತಿದ್ದಾರಂತೆ. ನಾನು ಆಕ್ಷೇಪಿಸುವ ಹಾಗಿಲ್ಲ. ಸಿರುಗುಪ್ಪದ ಬಜಾರಿನಲ್ಲಿ ನಾನೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೇನೆ.

ಮೊನ್ನೆ ಎಲ್ಲರೂ ಊಟಕ್ಕೆ ಕುಳಿತಾಗ, ಈ ಯಶಸ್ಸಿನಲ್ಲಿ ಶಿಸ್ತಿನ ಪಾತ್ರವೇನು ಎಂದು ಮನೆಯವರಿಗೆ ವಿವರಿಸುತ್ತಿದ್ದೆ. ಗಿರಣಿಯ ಉದಾಹರಣೆಗೆ ಬಂದಿದ್ದೆನಷ್ಟೆ, ಪಾರು ಎದ್ದು ನಿಂತಳು. ನನ್ನನ್ನೇ ದಿಟ್ಟಿಸಿ ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದಳು.

"ಮಿಕ್ಸಿ ಬಂದ್ ಐತೆಲ್ಲವ್ವಾ," ಎಂದಳು ರೇಣುಕಾ, ನಗು ನುಂಗಿಕೊಂಡು. ಪಾರು ಕೈ ಇಳಿಸಲಿಲ್ಲ.

ನಿಯಮ ನಾನೇ ಮಾಡಿದ್ದು. ಮೊದಲು ನಿಲ್ಲಿಸಬೇಕು, ಕಾರಣ ಆಮೇಲೆ. ವಾಕ್ಯದ ನಡುವೆಯೇ ಬಾಯಿ ಮುಚ್ಚಿದೆ. "ಇನ್ನೂ" ಎಂದು ಅವಳ ಅಂಗೈ ಮೇಲೇಳುವುದನ್ನು ಅಂದಿನಿಂದ ಕಾಯುತ್ತಿದ್ದೇನೆ. ಕೇಳುವ ಮೊದಲೇ ಕೊಡಬಾರದಲ್ಲ.